ಮಾಂಡವಿಗೆ ನಡುವಯಸ್ಸೇ ಇಲ್ಲ

ಶಾಲೆಯ ಭೂಗೋಳ ಪುಸ್ತಕದಲ್ಲಿ ನದಿಗೆ ಮೂರು ವಯಸ್ಸು. ಬೆಟ್ಟದಲ್ಲಿ ಹುಡುಗಾಟ, ಬಯಲಿನಲ್ಲಿ ನಡುವಯಸ್ಸು, ಕಡಲ ಹತ್ತಿರ ಮುಪ್ಪು. ಪಣಜಿಯಲ್ಲಿ ಭೂವಿಜ್ಞಾನ ಪಾಠ ಮಾಡುವ ನಾನೂ ಇದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಆಮೇಲೆ ಮಾಂಡವಿಯ ನಕ್ಷೆ ಹರಡಿ, ನಡುವಿನದ್ದನ್ನು ಹೊಡೆದುಹಾಕುತ್ತೇನೆ.

ಮಾಂಡವಿ ಅಂದರೆ ನಮ್ಮ ಮಹದಾಯಿಯೇ. (ನೀರಿನ ಜಗಳ ಇಲ್ಲಿ ಬೇಡ. ವಾಸ್ಕೋದ ಚಹಾ ಅಂಗಡಿಗಳಲ್ಲಿ ಅದು ಸಾಕಷ್ಟು ನಡೆಯುತ್ತದೆ.) ಹುಟ್ಟೋದು ಖಾನಾಪುರ ತಾಲ್ಲೂಕಿನ ದೇಗಾಂವ್ ಹತ್ತಿರ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಅವಳು ಪೂರ್ವಕ್ಕೆ ಹೊರಟು ಕೂಡಲಸಂಗಮ ಮುಟ್ಟುವಷ್ಟರಲ್ಲಿ 300 ಕಿ.ಮೀ. ದಾಟಿರುತ್ತಾಳೆ, ಬಂಗಾಳ ಕೊಲ್ಲಿ ಇನ್ನೂ ಎಲ್ಲೋ ಇರುತ್ತದೆ. ಮಹದಾಯಿ ಪಶ್ಚಿಮಕ್ಕೆ ಇಳಿದು ಸುಮಾರು 80 ಕಿ.ಮೀ.ಗೇ ಅರಬ್ಬೀ ಸಮುದ್ರ ಸೇರುತ್ತದೆ. ಎತ್ತರ ಜಾಸ್ತಿ, ದಾರಿ ಗಿಡ್ಡ. ಜಾಂಬೋಟಿ ಕಡೆಯ ವಜ್ರಪೋಹ ಜಲಪಾತ ನೋಡಿದವರಿಗೆ ಆ ಅವಸರ ಗೊತ್ತು.

ಗೋವಾದೊಳಗೆ, ವಾಲ್ಪೊಯ್ ಆಚೆ ಹೊಳೆಗೆ ಇಳಿದರೆ ಕಾಲಡಿ ಬರೀ ಕಲ್ಲು. ಒಂದೊಂದು ಕಲ್ಲನ್ನೂ ಎತ್ತಿ ನೋಡಿ, ಅಂಚು ಸವೆದು ದುಂಡಗಾಗಿರುತ್ತದೆ. ಉಸಗಾಂವ್ ಕಡೆ ಬಂದರೆ ಕಲ್ಲು ಹೋಗಿ ಮರಳು. ದೂಧಸಾಗರದ ನೀರು ಹೊತ್ತ ಖಾಂಡೆಪಾರ್ ಹೊಳೆ ಬಂದು ಸೇರುವುದು ಇದೇ ಕೆಳಭಾಗದಲ್ಲಿ. ಪಣಜಿ ಪಕ್ಕದ ರಿಬಂದರ್‌ನಲ್ಲಿ ಮೊಣಕಾಲು ಹೂಳುವ ಕಪ್ಪು ಕೆಸರು. ನೀರಿನ ವೇಗ ತಗ್ಗಿದಂತೆ ದಪ್ಪದ್ದು ಮೊದಲು, ಸಣ್ಣದ್ದು ಕೊನೆಗೆ ಕೆಳಗೆ ಕೂರುತ್ತದೆ, ಅಷ್ಟೇ.

ಆದರೆ ವೇಗ ತಗ್ಗುವುದು ಬರೀ ಇಳಿಜಾರು ಮುಗಿದದ್ದಕ್ಕಲ್ಲ. ಬೇಸಿಗೆಯಲ್ಲಿ ಉಬ್ಬರದ ಪ್ರಭಾವ ಗಾಂಜೆಯವರೆಗೆ, ಅಂದರೆ ನದಿ ಕಡಲು ಸೇರುವ ಅಳಿವೆಯಿಂದ ಸುಮಾರು 50 ಕಿ.ಮೀ. ಒಳಗೆ ಕಾಣುತ್ತದೆ. 80ರಲ್ಲಿ 50! ಬೆಟ್ಟ ಇಳಿದು ಉಸಿರು ಬಿಡುವಷ್ಟರಲ್ಲಿ ಕಡಲು ಎದುರಿಗೆ ಬಂದು ನಿಂತಿರುತ್ತದೆ. ಕಾರಣ ಹಳೆಯದು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರದ ಮಟ್ಟ ಈಗಿನದಕ್ಕಿಂತ 100 ಮೀಟರಿಗೂ ಹೆಚ್ಚು ಕೆಳಗಿತ್ತು. ಆಗ ನದಿಗಳು ಆಳಕ್ಕೆ ಕೊರೆದ ಕಣಿವೆಗಳಿಗೆ ಹಿಮ ಕರಗಿದ ಮೇಲೆ ಕಡಲು ನುಗ್ಗಿತು. ಪಣಜಿ ಎದುರು ಮಾಂಡವಿ ಅಷ್ಟು ಅಗಲವಾಗಿರುವುದು ಆ ಮುಳುಗಿದ ಕಣಿವೆಯಿಂದ. ಮಳೆಗಾಲ ಬಿಟ್ಟರೆ ಅಲ್ಲಿ ಇರುವುದು ಬಹುಪಾಲು ಸಮುದ್ರದ್ದೇ ನೀರು.

ಈ ಉಪ್ಪುನೀರಿನ ಜೊತೆ ಜನ ಹೊಂದಿಕೊಂಡ ರೀತಿ ನೋಡಬೇಕಾದದ್ದು. ರಿಬಂದರ್‌ನಿಂದ ಫೆರಿ ಹತ್ತಿ ಚೋಡಣ ದ್ವೀಪಕ್ಕೆ ಹೋಗಿ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹಿಂದೆ ಮಣ್ಣಿನ ಕಟ್ಟೆ, ಕಟ್ಟೆಯ ಹಿಂದೆ ಖಾಜನ್, ಅಂದರೆ ಉಪ್ಪುನೀರನ್ನು ತಡೆದು ಮಾಡಿದ ಗದ್ದೆ. ಕುಮಟಾ, ಅಂಕೋಲಾ ಕಡೆಯವರಿಗೆ ಥಟ್ಟನೆ ತಮ್ಮ ಗಜನಿ ನೆನಪಾಗುತ್ತದೆ. ಕಟ್ಟೆಯಲ್ಲಿ 'ಮಾನಸ್' ಎಂಬ ತೂಬು ಇರುತ್ತದೆ, ಅದಕ್ಕೆ ಮರದ ಬಾಗಿಲು. ಇಳಿತವಾದಾಗ ಒಳಗಿನ ನೀರೇ ಅದನ್ನು ತಳ್ಳಿ ತೆರೆಯುತ್ತದೆ, ಉಬ್ಬರ ಬಂದಾಗ ಹೊರಗಿನ ನೀರು ಒತ್ತಿ ಮುಚ್ಚುತ್ತದೆ. ಕರೆಂಟಿಲ್ಲ, ಮೋಟರಿಲ್ಲ. ಮಳೆಗಾಲದಲ್ಲಿ ಉಪ್ಪು ತಾಳುವ ಕೊರ್ಗುಟ್ ಭತ್ತ, ಆಮೇಲೆ ಮೀನು, ಸಿಗಡಿ. ಕಟ್ಟೆ ಒಮ್ಮೆ ಒಡೆದರೆ ಮಾತ್ರ ಗದ್ದೆಗೆ ಉಪ್ಪು ಹೊಕ್ಕು, ಕಾಂಡ್ಲಾ ಹಬ್ಬುತ್ತದೆ. ದೂರದಿಂದ ನೋಡುವವರು ಅದನ್ನು ಸಹಜ ಕಾಡು ಅಂದುಕೊಳ್ಳುತ್ತಾರೆ. ನನಗೆ ಅದು ಬಿಟ್ಟುಹೋದ ಗದ್ದೆ.

ಕೃಷ್ಣಾ, ಗೋದಾವರಿಗಳಂತೆ ಇಲ್ಲಿ ನದೀಮುಖಜ ಭೂಮಿ (ಡೆಲ್ಟಾ) ಯಾಕಿಲ್ಲ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಗಿಡ್ಡ ನದಿ ತರುವ ಮಣ್ಣು ಕಡಿಮೆ, ಅದರಲ್ಲೂ ಬಹಳಷ್ಟು ಆ ಮುಳುಗಿದ ಕಣಿವೆಯಲ್ಲೇ ಉಳಿಯುತ್ತದೆ. ಹೊರಗೆ ಹೋದದ್ದನ್ನು ಮುಂಗಾರಿನ ಅಲೆಗಳು ಚೆದುರಿಸುತ್ತವೆ. ಅದೇ ಅಲೆಗಳು ಅಗ್ವಾದ ಕೋಟೆಯ ಬಳಿ, ನದಿಯ ಬಾಯಲ್ಲೇ, ಮರಳಿನ ದಿಬ್ಬ ಎಬ್ಬಿಸುತ್ತವೆ. ಅದಿರಿನ ಬಾರ್ಜ್‌ಗಳು ಆ ತಿಂಗಳುಗಳಲ್ಲಿ ಕಡಲಿನ ದಾರಿ ಬಿಟ್ಟು, ಕುಂಬಾರ್ಜುವಾ ಕಾಲುವೆಯಲ್ಲಿ ಜುವಾರಿ ನದಿಗೆ ದಾಟಿ ಮುರ್ಮುಗೋವಾ ಬಂದರಿಗೆ ಹೋಗುತ್ತಿದ್ದದ್ದು ಇದಕ್ಕೇ.