ಬಿದ್ದ ಗಾಡಿಗೆ ಎರಡನೇ ಪೆಟ್ಟು

ಶಿರಾಡಿ ಘಾಟಿಯಲ್ಲಿ ಗಾಡಿ ಬಿದ್ದಿದೆ ಎಂದು ಫೋನ್ ಬಂದರೆ ನಾವು ಮೊದಲು ಕೇಳುವುದು ಯಾರಿಗಾದರೂ ಪೆಟ್ಟಾಗಿದೆಯಾ ಎಂದು. ಆಮೇಲಿನ ಪ್ರಶ್ನೆ, "ಯಾರಾದರೂ ಎಳೆದು ನೋಡಿದ್ದಾರಾ?" ಇದಕ್ಕೆ ಹೆಚ್ಚಿನ ಸಲ ಆಚೆ ಕಡೆಯಿಂದ ತಕ್ಷಣ ಉತ್ತರ ಬರುವುದಿಲ್ಲ. ಸ್ವಲ್ಪ ತಡೆದು, "ಇಲ್ಲೇ ಹತ್ತಿರ ಒಂದು ಟ್ರ್ಯಾಕ್ಟರ್ ಇತ್ತು ಮಾರಾಯ್ರೆ, ಒಂಚೂರು ಎಳೆದು ನೋಡಿದ್ದು ಅಷ್ಟೇ" ಎನ್ನುತ್ತಾರೆ.

ಆ ಒಂಚೂರಿನ ಬಗ್ಗೆಯೇ ಈ ಅಂಕಣ. ಘಾಟಿಯ ಕೆಳಗೆ ಗುಂಡ್ಯದಿಂದ ಮೇಲೆ ದೋಣಿಗಲ್‌ವರೆಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ವರ್ಷಗಟ್ಟಲೆ ಗಾಡಿ ಎತ್ತಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಸಣ್ಣಪುಟ್ಟ ಅಪಘಾತಗಳಲ್ಲಿ ಗಾಡಿ ಹಾಳಾಗುವುದು ಬಿದ್ದಾಗಿನದಕ್ಕಿಂತ ಎಬ್ಬಿಸುವಾಗ ಜಾಸ್ತಿ. ಎಬ್ಬಿಸಲು ಬಂದವರು ಕೆಟ್ಟವರಲ್ಲ. ರಾತ್ರಿ ಮಳೆಯಲ್ಲಿ ಲುಂಗಿ ಕಟ್ಟಿಕೊಂಡು ಓಡಿ ಬಂದು, ಒಳಗಿದ್ದವರನ್ನು ಹೊರಗೆಳೆದು, ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಡುವ ಜನ ಅವರು. ಮನುಷ್ಯರನ್ನು ಹೊರಗೆ ತೆಗೆಯುವಷ್ಟರಲ್ಲಿ ಅವರ ಕೆಲಸ ಮುಗಿಯಬೇಕು. ಗಾಡಿ ಇನ್ನೆರಡು ಗಂಟೆ ಅಲ್ಲೇ ಬಿದ್ದಿದ್ದರೆ ಅದಕ್ಕೇನೂ ಆಗುವುದಿಲ್ಲ.

ಒಂದು ಮಳೆಗಾಲದಲ್ಲಿ ಹಾಸನ ಕಡೆಯ ಕುಟುಂಬವೊಂದು ಸುಬ್ರಹ್ಮಣ್ಯಕ್ಕೆ ಹೊರಟಿತ್ತು. ತಿರುವಿನಲ್ಲಿ ಕಾರು ಜಾರಿ ಗುಡ್ಡದ ಬದಿಯ ಕಾಂಕ್ರೀಟ್ ಚರಂಡಿಗೆ ಎಡಗಡೆಯ ಎರಡು ಚಕ್ರ ಇಳಿಸಿಕೊಂಡು ಕೂತಿತು. ಮುಂದಿನ ಬಂಪರ್ ಒಡೆದಿತ್ತು, ಒಂದು ಹೆಡ್‌ಲೈಟ್ ಹೋಗಿತ್ತು, ಫೆಂಡರ್ ಮಡಚಿತ್ತು. ರೇಡಿಯೇಟರ್ ಸೋರಿರಲಿಲ್ಲ, ಏರ್‌ಬ್ಯಾಗ್ ಕೂಡ ಬಿಚ್ಚಿರಲಿಲ್ಲ. ನಾವು ಸಕಲೇಶಪುರ ದಾಟುವಷ್ಟರಲ್ಲಿ ಅಲ್ಲಿಗೆ ಒಂದು ಜೆಸಿಬಿ ಬಂದಿತ್ತು. ಚೈನ್ ತಂದು, ಕೈಗೆ ಸಿಕ್ಕಿದ ಗಟ್ಟಿ ಕಬ್ಬಿಣಕ್ಕೆ ಸುತ್ತಿ, ಅಡ್ಡಡ್ಡ ಎಳೆದಿದ್ದರು. ಕೈಗೆ ಸಿಕ್ಕಿದ್ದು ಮುಂದಿನ ಚಕ್ರದ ಲೋವರ್ ಆರ್ಮ್, ಅಂದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ತೋಳು. ಅದು ಬಾಗಿತು, ಚಕ್ರ ಹೊರಗೆ ತಿರುಗಿತು, ಆಕ್ಸಲ್ ಗೇರ್‌ಬಾಕ್ಸಿನಿಂದ ಕಿತ್ತು ಬಂದು ಗೇರ್ ಆಯಿಲ್ ಚರಂಡಿ ನೀರಲ್ಲಿ ಹರಿಯಿತು. ಕಾರಿನ ತಳದ ಅಂಚು ಚರಂಡಿಯ ಕಾಂಕ್ರೀಟಿಗೆ ಉಜ್ಜಿ, ಬಾಗಿಲು ಮುಚ್ಚದ ಹಾಗೆ ಆಯಿತು.

ನಾನು ಟಾರ್ಚ್ ಹಿಡಿದು ಕೆಳಗೆ ನೋಡಿದೆ. ತಳದ ತುಂಬ ಕೆಸರು ಮೆತ್ತಿಕೊಂಡಿತ್ತು. ಆ ಕೆಸರಿನ ನಡುವೆ ಚೈನ್ ಕೊರೆದ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು, ಒಂದೊಂದು ಕೊಂಡಿಯ ಗುರುತೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಇನ್ಶೂರೆನ್ಸ್ ಸರ್ವೇಯರ್ ಮೊದಲು ಹುಡುಕುವುದು ಇಂಥ ಗುರುತನ್ನೇ. ಅಪಘಾತದಲ್ಲಿ ಬಾಗಿದ ಕಬ್ಬಿಣದ ಮೇಲೆ ಮಣ್ಣು, ಬಣ್ಣ, ಕಲ್ಲಿನ ಪುಡಿ ಇರುತ್ತದೆ. ಎಳೆದಾಗ ಬಾಗಿದ್ದು ಚೊಕ್ಕವಾಗಿರುತ್ತದೆ.

ಹಾಗಾದರೆ ಎಲ್ಲಿ ಕಟ್ಟಬೇಕು? ನಾನು ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ವಿಷಯ ಇದೊಂದೇ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಈಗಿನ ಹೆಚ್ಚಿನ ಕಾರುಗಳಿಗೆ ಒಂದು ಟೋ ಹುಕ್ ಬರುತ್ತದೆ. ಸ್ಟೆಪ್ನಿ ಹತ್ತಿರ ಜಾಕ್, ವೀಲ್ ಸ್ಪ್ಯಾನರ್ ಜೊತೆ ಇರುವ ದಪ್ಪ ಬಳೆಯ ಬೋಲ್ಟ್ ಅದು. ಬಂಪರಿನಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತದೆ, ಅದನ್ನು ತೆಗೆದರೆ ಒಳಗೆ ಮರೆ (ಬೋಲ್ಟ್ ತಿರುಗಿಸಿ ಕೂರಿಸುವ ತಿರುಪಿನ ಗೆರೆ) ಸಿಗುತ್ತದೆ. ಕೆಲವು ಕಾರುಗಳಲ್ಲಿ ಉಲ್ಟಾ ಮರೆ ಇರುವುದರಿಂದ ಎಡಕ್ಕೆ ತಿರುಗಿಸಬೇಕು. ಪೂರ್ತಿ ಕೂರುವವರೆಗೆ ಸ್ಪ್ಯಾನರ್ ಹಾಕಿ ಬಿಗಿ ಮಾಡಬೇಕು. ಅರ್ಧ ಮರೆಯಲ್ಲಿ ನಿಂತ ಹುಕ್ ಎಳೆತಕ್ಕೆ ಕಿತ್ತು ಹಾರಿದರೆ ಎದುರಿದ್ದವರ ಜೀವ ತೆಗೆಯಬಹುದು. ಈ ಹುಕ್ ಇರುವುದು ಸಮತಟ್ಟಿನಲ್ಲಿ, ನೇರವಾಗಿ, ನಿಧಾನಕ್ಕೆ ಎಳೆಯಲು ಮಾತ್ರ. ಪಕ್ಕಕ್ಕೆ ಎಳೆದರೆ ಬಾಗುತ್ತದೆ, ಮೇಲಕ್ಕೆ ಎತ್ತಿದರೆ ಮುರಿಯುತ್ತದೆ.

ಕಾರಿನ ತಳದಲ್ಲಿ ಇನ್ನೂ ಕೆಲವು ಕಿವಿಗಳು, ತೂತುಗಳು ಕಾಣುತ್ತವೆ. ಶೋರೂಮಿಗೆ ಟ್ರೈಲರಿನಲ್ಲಿ ತರುವಾಗ ಅಲುಗಾಡದ ಹಾಗೆ ಬಿಗಿಯಲು ಮಾಡಿದವು ಅವು. ಇಳಿಜಾರಿನಿಂದ ಇಡೀ ಕಾರಿನ ಭಾರ ಎಳೆಯುವುದಕ್ಕಲ್ಲ. ಟೈ ರಾಡ್, ಲೋವರ್ ಆರ್ಮ್, ಸೈಲೆನ್ಸರ್, ಬಂಪರ್, ಬಾಗಿಲಿನ ಕಂಬ, ಇವುಗಳಿಗೆ ಹಗ್ಗ ಹಾಕುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ನಾವು ಬೆಲ್ಟನ್ನು ಚಕ್ರದ ಸುತ್ತ ಹಾಯಿಸುತ್ತೇವೆ, ಇಲ್ಲವೇ ಚಾಸಿ (ತಳದ ಕಬ್ಬಿಣದ ಚೌಕಟ್ಟು) ಇರುವ ಗಾಡಿಯಾದರೆ ಚಾಸಿಗೆ ಎರಡು ಕಡೆ ಕಟ್ಟಿ ಭಾರ ಹಂಚುತ್ತೇವೆ. ಗಾಡಿಯಿಂದ ಗಾಡಿಗೆ ಜಾಗ ಬೇರೆಯಾಗುತ್ತದೆ, ಆದ್ದರಿಂದ ಇಲ್ಲಿ ಓದಿ ನೀವೇ ಕಟ್ಟಲು ಹೋಗಬೇಡಿ.

ಎರಡು ಬೆಲ್ಟ್ ಹಾಕಿದರೆ ಭಾರ ಅರ್ಧರ್ಧ ಆಯಿತು ಎಂದು ತಿಳಿಯುವುದೂ ತಪ್ಪು. ತುಂಬಿದ ಕೊಡವನ್ನು ಇಬ್ಬರು ಹಿಡಿದುಕೊಂಡು ಹೋಗುವಾಗ ಹತ್ತಿರ ಹತ್ತಿರ ನಡೆದರೆ ಹಗುರ, ದೂರ ದೂರ ಸರಿದಷ್ಟೂ ಇಬ್ಬರ ತೋಳಿಗೂ ಭಾರ. ಬೆಲ್ಟಿನ ಲೆಕ್ಕವೂ ಇದೇ. ಒಂದು ಟನ್ ತೂಕದ ಕಾರನ್ನು ಎರಡು ಬೆಲ್ಟಿನಲ್ಲಿ ಎತ್ತುವಾಗ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದಕ್ಕೆ ಸುಮಾರು 580 ಕೆಜಿ ಬೀಳುತ್ತದೆ. ಕೋನ 120 ಡಿಗ್ರಿ ಆದರೆ ಒಂದೊಂದಕ್ಕೂ ಪೂರ್ತಿ ಒಂದು ಟನ್. ಆ ಬೆಲ್ಟುಗಳು ಕಾರನ್ನು ಎರಡೂ ಬದಿಯಿಂದ ಒಳಕ್ಕೆ ಹಿಸುಕುತ್ತವೆ ಕೂಡ. ಎತ್ತುವಾಗ ರೂಫ್ ಚಪ್ಪಟೆಯಾಗುವುದು ಹೀಗೆ.

ಕೆಸರಿನ ಲೆಕ್ಕ ಇದಕ್ಕೆ ಮೇಲೆ. ಚಕ್ರದ ಮಟ್ಟಕ್ಕೆ ಹೂತ ಗಾಡಿಯನ್ನು ಎಳೆಯಲು ಅದರ ತೂಕದಷ್ಟೇ ಬಲ ಬೇಕೆಂದೂ, ಮಡ್‌ಗಾರ್ಡ್ ಮುಳುಗಿದ್ದರೆ ಎರಡು ಪಟ್ಟು ಬೇಕೆಂದೂ ನಮ್ಮ ಕೆಲಸದಲ್ಲಿ ಹಿಡಿಯುತ್ತೇವೆ. ಎರಡು ಟನ್ನಿನ ಗಾಡಿ ನಾಲ್ಕು ಟನ್ ಎಳೆತ ಕೇಳುತ್ತದೆ. ಅಡಿಕೆ ತೋಟದ ನೈಲಾನ್ ಹಗ್ಗ ಅಲ್ಲಿ ಏನು ಮಾಡೀತು? ಗಾಡಿ ಹೋದ ಜಾಡಿನಲ್ಲೇ ಹಿಂದಕ್ಕೆ ಎಳೆದರೆ ಬಲ ಕಡಿಮೆ ಸಾಕು. ಅದು ಬಿಟ್ಟು ರಸ್ತೆಗೆ ಹತ್ತಿರವೆಂದು ಅಡ್ಡ ಎಳೆಯುತ್ತಾರೆ.

ಮಗುಚಿದ ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸುವಾಗ ಇನ್ನೊಂದು ಅಪಾಯವಿದೆ. ಅರ್ಧಕ್ಕೆ ಎದ್ದು ಸಮತೋಲದ ಬಿಂದು ದಾಟಿದ ಮೇಲೆ ಅದಕ್ಕೆ ಎಳೆತ ಬೇಕಾಗುವುದಿಲ್ಲ, ತನ್ನ ಭಾರಕ್ಕೆ ತಾನೇ ಆಚೆ ಬೀಳುತ್ತದೆ. ಅದಕ್ಕೇ ನಾವು ಎದುರು ಬದಿಯಿಂದ ಇನ್ನೊಂದು ವಿಂಚಿನ (ರೋಪ್ ಸುತ್ತಿ ಎಳೆಯುವ ಯಂತ್ರದ) ರೋಪ್ ಹಾಕಿ ಹಿಡಿದಿಟ್ಟು, ಇಂಚಿಂಚೇ ಬಿಟ್ಟು ಇಳಿಸುವುದು. ಆ ಹಿಡಿತ ಇಲ್ಲದೆ ಎಬ್ಬಿಸಿದರೆ ಗಾಡಿ ನಾಲ್ಕೂ ಚಕ್ರದ ಮೇಲೆ ದೊಪ್ಪೆಂದು ಕೂತು ಸಸ್ಪೆನ್ಶನ್ ಒಡೆಯುತ್ತದೆ. ಕಣಿವೆಯ ಬದಿಯಾದರೆ ಇನ್ನೊಂದು ಸುತ್ತು ಉರುಳಿ ಕೆಂಪುಹೊಳೆಗೆ ಹೋಗುತ್ತದೆ.

ಎದ್ದು ನಿಂತ ಗಾಡಿಯ ಕೀ ತಿರುಗಿಸುವ ಚಪಲವನ್ನು ದಯವಿಟ್ಟು ತಡೆದುಕೊಳ್ಳಿ. ಮಗುಚಿ ಬಿದ್ದಿದ್ದಾಗ ಎಂಜಿನ್ ಆಯಿಲ್ ಸಿಲಿಂಡರಿಗೆ ಇಳಿದಿರಬಹುದು. ಗಾಳಿ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಸ್ಟಾರ್ಟ್ ಮಾಡಿದರೆ ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೊಳೆ ನೀರು ಹೊಕ್ಕ ಗಾಡಿಗೂ ಇದೇ ಮಾತು.

ಲಾರಿಯ ಕತೆ ಬೇರೆ. ಗಾಳಿ ಬ್ರೇಕಿನ ಲಾರಿಯಲ್ಲಿ ಗಾಳಿ ಸೋರಿದರೆ ಸ್ಪ್ರಿಂಗ್ ಬ್ರೇಕ್ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಅದು ಗೊತ್ತಿಲ್ಲದೆ ಎಳೆದು, ಹಿಂದಿನ ಟೈರುಗಳನ್ನು ಬಟ್ಟೆ ಕಾಣುವವರೆಗೆ ತೇಯಿಸಿದ್ದನ್ನು ಕಂಡಿದ್ದೇನೆ. ಹೊರಗಿನಿಂದ ಗಾಳಿ ಕೊಡಬೇಕು, ಇಲ್ಲವೇ ಚಕ್ರ ಉರುಳದ ಹಾಗೆ ಗಟ್ಟಿ ಅಡೆ ಕೊಟ್ಟು ಸ್ಪ್ರಿಂಗನ್ನು ಬೋಲ್ಟ್ ಹಾಕಿ ಹಿಂದಕ್ಕೆ ಎಳೆಯಬೇಕು. ದೂರ ಎಳೆದುಕೊಂಡು ಹೋಗುವುದಾದರೆ ಗೇರ್‌ಬಾಕ್ಸನ್ನು ಹಿಂದಿನ ಚಕ್ರಕ್ಕೆ ಜೋಡಿಸುವ ಪ್ರೊಪೆಲರ್ ಶಾಫ್ಟ್ ಬಿಚ್ಚಲೇಬೇಕು. ಎಂಜಿನ್ ನಿಂತಿರುವಾಗ ಹಿಂದಿನ ಚಕ್ರ ಉರುಳಿದರೆ ಗೇರ್‌ಬಾಕ್ಸಿನ ಒಳಭಾಗ ಎಣ್ಣೆ ಸಿಗದೆ ತಿರುಗಿ ಸುಟ್ಟುಹೋಗುತ್ತದೆ. ಮೂರು ಆಕ್ಸಲಿನ ಲಾರಿ ಲೋಡ್ ಸಮೇತ 28.5 ಟನ್‌ವರೆಗೆ ಇರಬಹುದು. "14 ಟನ್ನಿನ ಹೈಡ್ರಾ ಕ್ರೇನ್ ಎರಡು ತರಿಸಿ ಎತ್ತಿಸಿಬಿಡಿ" ಎನ್ನುವ ಮಾಲೀಕರಿಗೆ ನಾನು ಹೇಳುವುದು, ಹೈಡ್ರಾದ ಆ 14 ಟನ್ ಬೂಮ್ (ಎತ್ತುವ ತೋಳು) ಪೂರ್ತಿ ಒಳಗಿದ್ದು ಭಾರ ಪಕ್ಕದಲ್ಲೇ ಇದ್ದಾಗ ಮಾತ್ರ. ಬೂಮ್ ಚಾಚಿ ಚರಂಡಿಯಾಚೆ ಹೋದರೆ ಅದರ ಸಣ್ಣ ಪಾಲಷ್ಟೇ ಉಳಿಯುತ್ತದೆ. ಮಾಲು ಇಳಿಸಿ ಬೇರೆ ಲಾರಿಗೆ ತುಂಬಿಸುವುದು ಖರ್ಚಿನ ಕೆಲಸ, ಆದರೂ ಹೆಚ್ಚಿನ ಸಲ ಅದೇ ಅಗ್ಗ.

ಲಾರಿ ಡ್ರೈವರುಗಳ ಬಗ್ಗೆ ನನಗೆ ಗೌರವ. ನಾಮಕ್ಕಲ್ ಕಡೆಯ ಹಿರಿಯರೊಬ್ಬರು, ಕೈಗೆ ಕಟ್ಟು ಹಾಕಿಸಿಕೊಂಡು ಆಸ್ಪತ್ರೆಯಿಂದ ನೇರ ಲಾರಿ ಹತ್ತಿರ ವಾಪಸು ಬಂದು, ಟಾರ್ಪಾಲ್ ಕೆಳಗೆ ಮಲಗಿ ಮಾಲು ಕಾದರು. ಮಾಲೀಕ ಫೋನಿನಲ್ಲಿ ಬೇಗ ಎತ್ತಿಸು ಎಂದು ಕೂಗುತ್ತಿದ್ದರೆ ಅವರು ನನ್ನ ಕಡೆ ತಿರುಗಿ, "ಮೆದುವಾ ಪಣ್ಣುಂಗ ತಂಬಿ" ಎಂದರು. ಅವಸರ ಮಾಡಬೇಡಿ ಎಂದು ನನಗೆ ಹೇಳುವವರು ಅಪರೂಪ.

ಇನ್ನು ದುಡ್ಡಿನ ಮಾತು. ಪಾಲಿಸಿಯ ಷರತ್ತುಗಳನ್ನು ಒಮ್ಮೆ ಓದಿ. ಅಪಘಾತದ ಮೇಲೆ ಗಾಡಿಗೆ ಮತ್ತಷ್ಟು ಹಾನಿಯಾಗದಂತೆ ಮಾಲೀಕ ನೋಡಿಕೊಳ್ಳಬೇಕು, ರಿಪೇರಿಗೆ ಮೊದಲೇ ಓಡಿಸಿ ಹಾನಿ ಹೆಚ್ಚಾದರೆ ಅದು ಮಾಲೀಕನ ಹೊಣೆ ಎಂದು ಅಲ್ಲಿ ಬರೆದಿರುತ್ತದೆ. ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಗಾಡಿ ಸಾಗಿಸುವ ಖರ್ಚಿಗೆ ಖಾಸಗಿ ಕಾರಿಗೆ 1,500 ರೂಪಾಯಿ, ದ್ವಿಚಕ್ರ ವಾಹನಕ್ಕೆ 300 ರೂಪಾಯಿ ಎಂಬ ಮಿತಿ ಇದೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿದ್ದರೆ ಮಿತಿ ಏರುತ್ತದೆ. ಘಾಟಿಯಲ್ಲಿ ಈ ದುಡ್ಡಿಗೆ ಕ್ರೇನ್ ಬರುವುದಿಲ್ಲ ಎಂಬುದು ನಿಜ. ಆದರೆ ಕ್ರೇನಿನ ಖರ್ಚು ಉಳಿಸಲು ಹೋಗಿ ಲೋವರ್ ಆರ್ಮ್, ಆಕ್ಸಲ್, ಗೇರ್‌ಬಾಕ್ಸ್ ಕಳೆದುಕೊಂಡವರಿಗೆ ಲೆಕ್ಕ ಎಲ್ಲಿ ಸರಿಹೋಯಿತು? ಹಳೆಯ ಕಾರಿನವರಂತೂ ಇನ್ನೂ ಎಚ್ಚರವಾಗಿರಬೇಕು. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ಶೇ 75 ದಾಟಿದರೆ ಗಾಡಿಯನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತಾರೆ. ಐಡಿವಿ ಎರಡು ಲಕ್ಷ ಇದ್ದರೆ ಆ ಗೆರೆ ಒಂದೂವರೆ ಲಕ್ಷಕ್ಕೇ ಬರುತ್ತದೆ. ಕ್ಲೇಮಿನ ಕೊನೆಯ ತೀರ್ಮಾನ ಸರ್ವೇಯರ್ ಮತ್ತು ಕಂಪನಿಯದು, ನನ್ನ ಮಾತನ್ನು ಭರವಸೆ ಎಂದು ತಿಳಿಯಬೇಡಿ.

ಯಾರಿಗಾದರೂ ಗಾಯವಾಗಿದ್ದರೆ ಪೊಲೀಸರು ಬರುವ ಮೊದಲು ಗಾಡಿ ಮುಟ್ಟಬೇಡಿ. ಮಹಜರು ಇದೆ, ಬ್ರೇಕ್ ಇನ್‌ಸ್ಪೆಕ್ಟರ್ ನೋಡುವುದಿದೆ. ರಸ್ತೆಗೆ ಅಡ್ಡವಾಗಿದ್ದರೆ ಎಲ್ಲಿಗೆ ಸರಿಸಬೇಕೆಂದು ಅವರೇ ಹೇಳುತ್ತಾರೆ.

ನೋಡಲು ನಿಲ್ಲುವ ಜನರಿಗೂ ಒಂದು ಮಾತು. ವೈರ್ ರೋಪ್ ಬಿಗಿಯಾದಾಗ ಅದರ ಸಾಲಿನಲ್ಲಿ ನಿಲ್ಲಬೇಡಿ. ನಾವು ಕಪ್ಪಿ ಹಾಕಿ ರೋಪ್ ತಿರುಗಿಸಿದ್ದರೆ ಆ ಎರಡು ಎಳೆಗಳ ನಡುವಿನ ಜಾಗಕ್ಕೆ ಕಾಲೇ ಇಡಬೇಡಿ. ಕಪ್ಪಿಯ ಶಾಕಲ್ ಎಂಬ ಕೊಂಡಿ ಕಿತ್ತರೆ ಎಲ್ಲವೂ ಅತ್ತಲೇ ಹಾರುವುದು. ರೋಪಿನ ಮೇಲೆ ಒದ್ದೆ ಗೋಣಿಚೀಲ ಹಾಕಿರುವುದು ತುಂಡಾದರೆ ಚಿಮ್ಮುವ ರಭಸ ತಗ್ಗಲಿ ಎಂದು. ಅದನ್ನು ತೆಗೆದು ವಿಡಿಯೊ ಮಾಡುವವರನ್ನೂ ನೋಡಿದ್ದೇನೆ.

ಟ್ಯಾಂಕರ್ ಆದರೆ ನೋಡಲು ನಿಲ್ಲುವ ಪ್ರಶ್ನೆಯೇ ಇಲ್ಲ. ಹಿಂಬದಿಯ ಫಲಕದಲ್ಲಿ 1075 ಎಂದಿದ್ದರೆ ಒಳಗಿರುವುದು ಅಡುಗೆ ಅನಿಲ. ಗಾಳಿ ಬರುವ ಕಡೆಗೆ ದೂರ ಹೋಗಿ, ಒಲೆ, ಬೀಡಿ, ಗಾಡಿ ಯಾವುದನ್ನೂ ಹೊತ್ತಿಸದೆ 112ಕ್ಕೆ ಫೋನ್ ಮಾಡಿ. ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ 2013ರ ಏಪ್ರಿಲ್‌ನಲ್ಲಿ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿ ಜನ ಸತ್ತದ್ದು ಈ ರಸ್ತೆಯವರಿಗೆ ಯಾರೂ ನೆನಪಿಸಬೇಕಿಲ್ಲ. ಅಂಥ ಗಾಡಿಯನ್ನು ಅನಿಲ ಬೇರೆ ಟ್ಯಾಂಕರಿಗೆ ತುಂಬಿಸುವವರೆಗೆ ನಾವೂ ಎತ್ತುವುದಿಲ್ಲ.

ಎಲೆಕ್ಟ್ರಿಕ್ ಕಾರು ಮತ್ತು ಆಟೊಮ್ಯಾಟಿಕ್ ಗೇರಿನ ಕಾರುಗಳನ್ನು ಚಕ್ರ ನೆಲಕ್ಕೆ ತಾಗಿಸಿ ಎಳೆಯಬಾರದು. ಗಾಡಿಯನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ಡೇ ಬೇಕು. ಬ್ಯಾಟರಿಗೆ ಪೆಟ್ಟಾಗಿದ್ದರೆ ಬೆಂಕಿ ಗಂಟೆಗಳ ಮೇಲೆ, ಕೆಲವೊಮ್ಮೆ ದಿನಗಳ ಮೇಲೆ ಹೊತ್ತಬಹುದು. ಅದನ್ನು ಮನೆ ಶೆಡ್ಡಿಗೆ ತಂದು ನಿಲ್ಲಿಸಬೇಡಿ.

ಫೋನ್ ಮಾಡುವಾಗ ಏನು ಹೇಳಬೇಕೆಂದು ಹಲವರು ಕೇಳುತ್ತಾರೆ. ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಮಂಗಳೂರು ಕಡೆ ಮುಖವಾ ಬೆಂಗಳೂರು ಕಡೆಯಾ, ಗಾಡಿ ಯಾವ ಮಾದರಿ, ಗೇರ್ ಯಾವುದು, ಲೋಡ್ ಇದೆಯಾ, ಚಕ್ರದ ಮೇಲಿದೆಯಾ ಮಗುಚಿದೆಯಾ, ರಸ್ತೆಯಿಂದ ಎಷ್ಟು ಕೆಳಗಿದೆ. ನಾಲ್ಕು ಬದಿಯಿಂದ ನಾಲ್ಕು ಫೋಟೊ, ದೂರ ನಿಂತು ರಸ್ತೆಯೂ ಕಾಣುವ ಹಾಗೆ ಒಂದು. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಸಹಾಯವಾಣಿ 1033ಕ್ಕೂ ತಿಳಿಸಿ, ಅವರ ಕ್ರೇನ್ ಹತ್ತಿರವಿದ್ದರೆ ಗಾಡಿಯನ್ನು ರಸ್ತೆಯಿಂದ ಸರಿಸಿಕೊಡುತ್ತಾರೆ. ಅಷ್ಟರಲ್ಲಿ ಯಾರಾದರೂ ಹಗ್ಗ ಹಿಡಿದು ಬಂದರೆ ಅವರನ್ನು ಹಿಂದಿನ ತಿರುವಿಗೆ ಕಳಿಸಿ, ಬರುವ ಗಾಡಿಗಳಿಗೆ ಟಾರ್ಚ್ ತೋರಿಸಲು ಹೇಳಿ. ಮಂಜು ಮುಸುಕಿದ ಘಾಟಿಯಲ್ಲಿ ಆ ಕೆಲಸಕ್ಕೆ ಜನ ಎಷ್ಟಿದ್ದರೂ ಸಾಲುವುದಿಲ್ಲ.