ಪದ ಪರಿಚಯ: ಥಂಬಿಂಗ್

ಕೊಪ್ಪಳ ಕಡೆ ಗಾಳ ಹಾಕುವವರ ಕೈಯಲ್ಲಿ ಮೊದಲಿಂದ ಇದ್ದದ್ದು ಬಿದಿರಿನ ಕೋಲು, ನೈಲಾನ್ ದಾರ, ಬೆಂಡು. ಅಲ್ಲಿ ಹೆಬ್ಬೆರಳಿಗೆ ಬೇರೆ ಕೆಲಸವಿಲ್ಲ. ಕೋಲಿಗೆ ಕೂರಿಸಿ ದಾರ ಸುತ್ತುವ ಸಾಧನವಾದ ಬೇಟ್‌ಕಾಸ್ಟಿಂಗ್ ರೀಲ್ ಕೈಗೆ ಬಂದರೆ ಮಾತ್ರ ಎಲ್ಲಾ ಹೆಬ್ಬೆರಳಿನ ಮೇಲೇ. ದಾರ ಬಿಚ್ಚಿಕೊಂಡು ಹೋಗುವಾಗ ಸ್ಪೂಲ್ (ದಾರ ಸುತ್ತಿರುವ ಉರುಳೆ) ಮೇಲೆ ಹೆಬ್ಬೆರಳಿಟ್ಟು ಅದರ ವೇಗ ಹಿಡಿತದಲ್ಲಿ ಇಟ್ಟುಕೊಳ್ಳುವುದೇ ಥಂಬಿಂಗ್.

ಇನ್ನೊಂದು ಬಗೆಯ ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್ ಸುಮ್ನೆ ನಿಂತಿರುತ್ತದೆ, ದಾರ ಅದರ ಅಂಚಿನಿಂದ ಜಾರುತ್ತದೆ. ಬೇಟ್‌ಕಾಸ್ಟಿಂಗ್‌ನಲ್ಲಿ ಸ್ಪೂಲೇ ಗರಗರ ತಿರುಗುತ್ತದೆ. ದಾರದ ತುದಿಗೆ ಕಟ್ಟಿ ಎಸೆದ ತೂಕ ಹೋಗ್ತಾ ಹೋಗ್ತಾ ನಿಧಾನವಾಗುತ್ತದೆ, ಸ್ಪೂಲ್ ಮಾತ್ರ ಅದೇ ಓಟದಲ್ಲಿರುತ್ತದೆ. ಹೆಚ್ಚಾಗಿ ಬಿಚ್ಚಿದ ದಾರ ಅಲ್ಲೇ ಉಬ್ಬಿ ಸಿಕ್ಕಾಗುತ್ತದೆ. ಇದು ಬ್ಯಾಕ್‌ಲ್ಯಾಶ್. ಹಕ್ಕಿಗೂಡು ಅಂತಲೂ ಕರೆಯುತ್ತಾರೆ. ಆಷಾಢದ ಗಾಳಿಗೆ ಎದುರಾಗಿ ತುಂಗಭದ್ರೆಯ ಹಿನ್ನೀರಿಗೆ ಎಸೆದರೆ ಇನ್ನೂ ಜಾಸ್ತಿ, ಯಾಕೆಂದರೆ ಗಾಳಿ ತೂಕವನ್ನು ಬೇಗ ತಡೆಯುತ್ತದೆ.

ಬಾವಿಗೆ ಕೊಡ ಇಳಿಸಿದವರಿಗೆ ಇದು ಗೊತ್ತಿರುವ ವಿಷಯವೇ, ಅಲ್ವಾ? ಹಗ್ಗ ಬಿಗಿ ಹಿಡಿದರೆ ಕೊಡ ಇಳಿಯದು. ಪೂರ್ತಿ ಬಿಟ್ಟರೆ ಕೊಡ ನೀರು ಮುಟ್ಟಿದ ಮೇಲೂ ಗಡಗಡಿ ತಿರುಗುತ್ತದೆ. ಹಗ್ಗ ಅಂಗೈ ಸವರಿಕೊಂಡೇ ಇಳಿಯಬೇಕು.

ಹೆಚ್ಚಿನವರು ತಪ್ಪುವುದು ಹಿಡಿಯುವುದರಲ್ಲೇ. ರೀಲ್ ಕೂರಿಸಿದ ಕೋಲನ್ನು, ಅಂದರೆ ರಾಡನ್ನು, ಮುಷ್ಟಿ ಬಿಗಿದು ಹಿಡಿದರೆ ಹೆಬ್ಬೆರಳೂ ಸೆಟೆದುಕೊಳ್ಳುತ್ತದೆ, ಅದಕ್ಕೆ ದಾರದ ಓಟ ತಿಳಿಯುವುದಿಲ್ಲ. ರೀಲಿನ ಪಕ್ಕ ಅಂಗೈಗೆ ಒರಗಿರಲಿ, ತೋರುಬೆರಳು ರಾಡಿನ ಹಿಡಿಯ ಕೆಳಗೆ ಚಾಚಿದ ಕೊಕ್ಕೆಗೆ ಸುತ್ತಿರಲಿ. ಸ್ಪೂಲ್ ಮೇಲೆ ಉಗುರಿನ ತುದಿ ಬೇಡ, ಬೆರಳಿನ ಮೆತ್ತನೆಯ ಭಾಗ ಇಡಿ. ಎಸೆಯುವ ಮುನ್ನ ಒತ್ತಿ ಹಿಡಿಯಿರಿ, ರಾಡ್ ತಲೆ ದಾಟಿ ಮುಂದೆ ಬರುವಾಗ ಸಡಿಲಿಸಿ. ತೂಕ ಹಾರುವಷ್ಟು ಹೊತ್ತು ತಾಗಿಯೂ ತಾಗದ ಹಾಗೆ ಇರಲಿ. ಅದು ನೀರು ಮುಟ್ಟುವ ಮುಂಚೆಯೇ ಮತ್ತೆ ಪೂರ್ತಿ ಒತ್ತಿ. ನನ್ನ ಪ್ರಕಾರ ಈ ಕೊನೆಯ ಒತ್ತು ಬಂದರೆ ಅರ್ಧ ಕಲಿತ ಹಾಗೆ. ಕಣ್ಣು ರೀಲಿನ ಮೇಲಲ್ಲ, ಹಾರುವ ತೂಕದ ಮೇಲಿರಬೇಕು.

ಸ್ಪೂಲ್ ಎಷ್ಟು ಬಿಗಿಯಾಗಿ ತಿರುಗಬೇಕೆಂದು ಹೊಂದಿಸುವ ತಿರುಪು, ರೀಲಿನ ಟೆನ್ಷನ್ ನಾಬ್ ಕೂಡ ಸಹಾಯಕ್ಕಿದೆ. ಸ್ಪೂಲ್ ಬಿಡಿಸುವ ಗುಂಡಿ ಒತ್ತಿ ದಾರ ಬಿಟ್ಟಾಗ ತೂಕ ನಿಧಾನ ಇಳಿದು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲುವಷ್ಟು ಬಿಗಿ ಮಾಡಿ.

ಸಿಕ್ಕಾದರೆ ಸಿಟ್ಟಿನಲ್ಲಿ ಎಳೆಯಬೇಡಿ. ಹೆಬ್ಬೆರಳಿಂದ ಸ್ಪೂಲ್ ಒತ್ತಿಕೊಂಡು ಹಿಡಿಕೆಯನ್ನು ಎರಡು ಮೂರು ಸುತ್ತು ತಿರುಗಿಸಿ, ಆಮೇಲೆ ಮೆಲ್ಲಗೆ ಬಿಡಿಸಿ. ಕತ್ತರಿಸಲೇಬೇಕಾಗಿ ಬಂದರೆ ತುಂಡು ದಾರವನ್ನು ಜೇಬಿಗೆ ಹಾಕಿಕೊಳ್ಳಿ. ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ತುಂಗಭದ್ರೆ 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು. ದಂಡೆಯಲ್ಲಿ ಬಿಟ್ಟ ನೈಲಾನ್ ದಾರ ಪ್ರಾಣಿಗಳ ಕಾಲಿಗೆ, ಹಕ್ಕಿಗಳ ರೆಕ್ಕೆಗೆ ಸುತ್ತಿಕೊಂಡರೆ ಬಿಡಿಸುವವರು ಯಾರೂ ಇರುವುದಿಲ್ಲ.

ಕಲಿಯಲು ನದಿಯೇ ಬೇಕಿಲ್ಲ. ಸುಗ್ಗಿ ಮುಗಿದ ಕಣವೇ ಸಾಕು. ಗಾಳ ತೆಗೆದು ಬರೀ ತೂಕ ಕಟ್ಟಿ, ಹದಿನೈದು ಹೆಜ್ಜೆ ದೂರ ಒಂದು ಬುಟ್ಟಿ ಇಟ್ಟು, ಅದರೊಳಗೆ ಬೀಳುವಂತೆ ಎಸೆಯಿರಿ.