ಡೋಸ್ ಹೆಚ್ಚಿಸುವ ಮೊದಲು ಚೀಲ ಬಿಚ್ಚೋಣ

ಸಕ್ಕರೆ ಕಾಯಿಲೆ, ಥೈರಾಯ್ಡ್ ಅಂತ ಮೊದಲ ಸಲ ನಮ್ಮಲ್ಲಿಗೆ ಬರುವವರಿಗೆ ಫೋನಿನಲ್ಲೇ ಒಂದು ಮಾತು ಹೇಳಿಸುತ್ತೇನೆ. ಫೈಲ್ ಒಂದೇ ಸಾಲದು. ಮನೆಯಲ್ಲಿರುವ ಮಾತ್ರೆ, ಇನ್ಸುಲಿನ್, ಸಿರಿಂಜ್, ಶುಗರ್ ನೋಡುವ ಮೀಟರ್, ಅದರ ಸ್ಟ್ರಿಪ್ಪಿನ ಡಬ್ಬಿ, ಸೊಂಟನೋವಿಗೆ ಅಂತ ಯಾರೋ ಕೊಟ್ಟ ಪುಡಿ, ಕೂದಲು ಉದುರದಿರಲಿ ಅಂತ ನುಂಗುವ ಮಾತ್ರೆ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಮಂಗಳೂರಿನಲ್ಲಿ ಡಾಕ್ಟರ್ ಕೆಲಸ ಮಾಡುತ್ತಾ ಮಾಡುತ್ತಾ ನನಗೆ ಖಾತ್ರಿಯಾಗಿರುವುದು ಇದು: ಶುಗರ್ ಇಳಿಯದೆ ಬಂದವರಿಗೆ ಹೊಸ ಮದ್ದು ಬರೆಯುವ ಮೊದಲು, ಈಗಾಗಲೇ ಬರೆದಿರುವ ಮದ್ದು ಅವರ ಮೈಗೆ ಸೇರುತ್ತಿದೆಯಾ ಅಂತ ನೋಡಬೇಕು.

ಬಂದವರು ಹೇಳುವುದು ಹೆಚ್ಚುಕಡಿಮೆ ಒಂದೇ. "ಡಾಕ್ಟ್ರೇ, ಎಲ್ಲ ಕರೆಕ್ಟಾಗಿ ತಗೊಳ್ತೇನೆ, ಆದ್ರೂ ಇಳಿಯುದೇ ಇಲ್ಲ." ಅವರು ಸುಳ್ಳು ಹೇಳುತ್ತಿಲ್ಲ. ಹೇಗೆ ತಗೊಳ್ಳಬೇಕು ಅಂತ ಯಾರೂ ಕೂತು ತೋರಿಸಿಕೊಟ್ಟಿರುವುದಿಲ್ಲ, ಅಷ್ಟೇ.

ಇನ್ಸುಲಿನ್‌ನಿಂದಲೇ ಶುರುಮಾಡೋಣ. ನಮ್ಮ ದೇಶದಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಒಂದು ಎಂ.ಎಲ್.ಗೆ 40 ಯೂನಿಟ್‌ನದ್ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿಗೆ ಹಾಕುವ ಕಾರ್ಟ್ರಿಡ್ಜ್ ಮತ್ತು ಕೆಲವು ಬಾಟಲಿಗಳು 100 ಯೂನಿಟ್‌ನವು, 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಇದು ಅದಲುಬದಲಾದರೆ ಏನಾಗುತ್ತದೆ ಲೆಕ್ಕ ಹಾಕಿ. 40ರ ಬಾಟಲಿಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು ಬರೀ 4 ಯೂನಿಟ್. ಪೆನ್ನು ಹಾಳಾಯ್ತು ಅಂತ ಅದರ ಕಾರ್ಟ್ರಿಡ್ಜಿನಿಂದ ಕೆಂಪು ಮುಚ್ಚಳದ ಸಿರಿಂಜಿಗೆ 10ರವರೆಗೆ ಎಳೆದರೆ ಹೋಗುವುದು 25 ಯೂನಿಟ್. ಮೊದಲನೆಯದರಲ್ಲಿ ಶುಗರ್ ಇಳಿಯುವುದಿಲ್ಲ, ಎರಡನೆಯದರಲ್ಲಿ ಮನುಷ್ಯ ಬೆವರಿ, ನಡುಗಿ, ಎಚ್ಚರ ತಪ್ಪಬಹುದು. ಗಲ್ಫಿನಲ್ಲಿರುವ ಮಗ ತಂದುಕೊಟ್ಟ ಇನ್ಸುಲಿನ್ನಿಗೆ ಇಲ್ಲಿನ ಮೆಡಿಕಲ್‌ನಲ್ಲಿ ಕೈಗೆ ಸಿಕ್ಕ ಸಿರಿಂಜ್ ತಗೊಳ್ಳುವ ಮನೆಗಳು ನಮ್ಮ ಕಡೆ ಇವೆ. ಬಾಟಲಿ ಮೇಲಿನ ಅಂಕಿ ಮತ್ತು ಸಿರಿಂಜ್ ಮೇಲಿನ ಅಂಕಿ ಒಂದೇ ಇದೆಯಾ, ಇವತ್ತೇ ನೋಡಿ.

ಆಮೇಲೆ ಹೊಟ್ಟೆ ನೋಡುತ್ತೇನೆ. ಎಲ್ಲಿ ಚುಚ್ಚಿಕೊಳ್ತೀರಿ ತೋರಿಸಿ ಅಂದರೆ ಬೆರಳು ಸೀದಾ ಹೊಕ್ಕುಳ ಪಕ್ಕದ ಒಂದೇ ಜಾಗಕ್ಕೆ ಹೋಗುತ್ತದೆ. ಕಣ್ಣಿಗೆ ಏನೂ ಕಾಣದೇ ಇರಬಹುದು. ಬೆರಳಾಡಿಸಿದರೆ ಚರ್ಮದಡಿ ರಬ್ಬರಿನ ಹಾಗೆ ಒಂದು ಗಂಟು ಸಿಗುತ್ತದೆ. ಅಲ್ಲಿ ಚುಚ್ಚಿದರೆ ಅಷ್ಟು ನೋವಿಲ್ಲ, ಅದಕ್ಕೇ ಅಲ್ಲೇ ಚುಚ್ಚುವುದು. ಆದರೆ ಆ ಗಂಟಿನಿಂದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಒಂದು ದಿನ ಶುಗರ್ 300, ಮರುದಿನ 60, ಮನೆಯವರಿಗೆ ತಲೆಬುಡ ಅರ್ಥವಾಗುವುದಿಲ್ಲ. ದಿನಾ ಜಾಗ ಬದಲಿಸಿ, ಒಂದು ಚುಚ್ಚಿಗೂ ಮುಂದಿನದಕ್ಕೂ ಬೆರಳಗಲ ಅಂತರ ಬಿಡಿ. ಇಲ್ಲೊಂದು ಎಚ್ಚರಿಕೆ ಬೇಕು. ಗಂಟು ಬಿಟ್ಟು ಹೊಸ ಜಾಗಕ್ಕೆ ಹೋದ ದಿನ ಹಳೇ ಡೋಸನ್ನೇ ಹಾಕಿದರೆ ಅದು ಪೂರ್ತಿ ಮೈಗೆ ಹತ್ತಿ ಶುಗರ್ ತೀರಾ ಇಳಿಯಬಹುದು, ಹಾಗಾಗಿ ಡೋಸ್ ಎಷ್ಟು ತಗ್ಗಿಸಬೇಕು ಅಂತ ಡಾಕ್ಟರರನ್ನು ಕೇಳಿಕೊಂಡೇ ಜಾಗ ಬದಲಿಸಿ. ಪೆನ್ನಿಗೆ 4 ಮಿಲಿಮೀಟರ್ ಸೂಜಿ ಸಾಕು, ದಪ್ಪ ಇರುವವರಿಗೂ. ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಿರಿ.

ಇನ್ನು ಇಡುವ ವಿಷಯ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಅಂದರೆ ಫ್ರಿಜ್ಜಿನಲ್ಲಿ, ಫ್ರೀಜರಿನಿಂದ ದೂರ. ಬಳಸುತ್ತಿರುವುದನ್ನು ಹೊರಗಿಟ್ಟರೂ ಹೆಚ್ಚಿನವು ನಾಲ್ಕು ವಾರ ಕೆಡುವುದಿಲ್ಲ, ಆದರೆ 30 ಡಿಗ್ರಿ ದಾಟಬಾರದು, ನಮ್ಮ ಏಪ್ರಿಲ್ ಮೇ ಸೆಖೆಯಲ್ಲಿ ಇದು ಆಗುವ ಮಾತಲ್ಲ. ಮಲ್ಪೆಯಿಂದ, ಇಲ್ಲಿನ ಬಂದರಿನಿಂದ ಆಳಸಮುದ್ರಕ್ಕೆ ಹೋಗುವವರು ಒಮ್ಮೆ ಹೊರಟರೆ ದಿನಗಟ್ಟಲೆ ಬೋಟಿನಲ್ಲೇ. ಬೋಟಿನಲ್ಲಿ ಐಸ್ ಉಂಟಲ್ಲ ಅಂತ ಅದರ ನಡುವೆ ಇನ್ಸುಲಿನ್ ಹುಗಿದಿಟ್ಟರೆ ಅದು ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮೊದಲಿನ ಹಾಗೆ ಕಂಡರೂ ಬಿಸಾಡಬೇಕು. ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ, ಐಸಿಗೆ ತಾಗದ ಹಾಗೆ ಇಡಿ.

ಮೀನುಗಾರರ ವಿಷಯದಲ್ಲಿ ಇನ್ನೊಂದು ಉಂಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಬಲೆ ಎಳೆಯುವ ಮೈಕೆಲಸ ನಿಂತು ಮನೆಯಲ್ಲಿ ಕೂತಾಗ ಅದೇ ಮದ್ದಿಗೆ ಶುಗರ್ ಏರುತ್ತದೆ, ಡಾಕ್ಟರ್ ಡೋಸ್ ಏರಿಸುತ್ತಾರೆ. ಆಗಸ್ಟಿನಲ್ಲಿ ಪುನಃ ಸಮುದ್ರಕ್ಕೆ ಇಳಿಯುವಾಗ ಆ ಏರಿಸಿದ ಡೋಸೇ ಮುಂದುವರಿದರೆ ನಡುಸಮುದ್ರದಲ್ಲಿ ಶುಗರ್ ಬೀಳಬಹುದು. ರಜೆ ಮುಗಿಯುವ ಮೊದಲೊಮ್ಮೆ ಬಂದು ಹೋಗಿ ಅಂತ ನಾನು ಒತ್ತಾಯ ಮಾಡುವುದು ಇದಕ್ಕೇ. 70ಕ್ಕಿಂತ ಕೆಳಗೆ ಹೋದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಬಿಸ್ಕೆಟ್, ಚಾಕೊಲೇಟ್ ಆ ಹೊತ್ತಿಗೆ ತಡ ಮಾಡುತ್ತವೆ. ಜೊತೆಗಿರುವವರಿಗೂ ಇದು ಗೊತ್ತಿರಲಿ.

ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ಗಟ್ಟಿ ಹಾಕಿಡಿ, ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಟ್ಟು ತಪ್ಪು ಅಂಕಿ ತೋರಿಸುತ್ತದೆ. ಹೊರದೇಶದಿಂದ ತಂದ ಮೀಟರಿನಲ್ಲಿ 8.3 ಅಂತ ಬಂದರೆ ಗಾಬರಿ ಬೇಡ, ಅದು ಬೇರೆ ಅಳತೆ, 18ರಿಂದ ಗುಣಿಸಿದರೆ ನಮ್ಮ ಲೆಕ್ಕದ 150 ಆಸುಪಾಸು.

ಮಾತ್ರೆಗಳಲ್ಲಿ ನಾನು ಹುಡುಕುವುದು ಜೋಡಿ. ಒಬ್ಬರು ಡಾಕ್ಟರ್ ಬರೆದ, ಶುಗರ್ ಇಳಿಸುವ ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್ ಒಂದು ಹೆಸರಿನಲ್ಲಿ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗ ಬರೆದದ್ದು ಇನ್ನೊಂದು ಹೆಸರಿನಲ್ಲಿ. ಬಣ್ಣ ಬೇರೆ, ಕಂಪೆನಿ ಬೇರೆ, ಒಳಗಿರುವುದು ಒಂದೇ, ಅಜ್ಜ ಎರಡನ್ನೂ ನುಂಗುತ್ತಿರುತ್ತಾರೆ. ವಯಸ್ಸಾದವರಲ್ಲಿ, ಅದರಲ್ಲೂ ಕಿಡ್ನಿ ಸ್ವಲ್ಪ ಸೋತಿದ್ದರೆ, ಶುಗರ್ ಬಿದ್ದು ಮಾತು ತೊದಲಿ ಗೊಂದಲವಾಗುವುದುಂಟು, ಮನೆಯವರು ಮರೆವಿನ ಕಾಯಿಲೆ ಅಂತ ತಿಳಿಯುತ್ತಾರೆ. ಮಾತ್ರೆ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಮದ್ದಿನ ಹೆಸರನ್ನು ಮಕ್ಕಳು, ಮೊಮ್ಮಕ್ಕಳು ಓದಿ ಹೇಳಿದರೆ ದೊಡ್ಡ ಉಪಕಾರ.

ಊಟದ ಬಗ್ಗೆ ಕೇಳಿಯೇ ಕೇಳುತ್ತಾರೆ. ಕುಚ್ಚಲಕ್ಕಿ ಗಂಜಿ ಆದರೆ ಎಷ್ಟೂ ಉಣ್ಣಬಹುದು ಅನ್ನುವುದು ತಪ್ಪು. ಬೆಳ್ತಿಗೆ ಅಕ್ಕಿಗಿಂತ ಅದು ತುಸು ವಾಸಿ ಇರಬಹುದು, ಆದರೂ ಅನ್ನ ಅನ್ನವೇ, ಬಟ್ಟಲಿನ ಲೆಕ್ಕ ಮುಖ್ಯ. ಬಂಗುಡೆ ಗಸಿ ಬಿಡಬೇಕಾಗಿಲ್ಲ, ಅನ್ನ ಕಡಿಮೆ ಮಾಡಿ, ಪಲ್ಯ ಜಾಸ್ತಿ ಮಾಡಿ.

ಥೈರಾಯ್ಡ್ ಮಾತ್ರೆಯದ್ದು ಇದೇ ಕಥೆ. ಅಕ್ಕಂದಿರು ಬೆಳಿಗ್ಗೆ ಎದ್ದು ಮಾತ್ರೆ ನುಂಗಿ, ಒಲೆ ಹಚ್ಚಿ, ಹತ್ತು ನಿಮಿಷಕ್ಕೆ ಕಾಫಿ ಕುಡಿಯುತ್ತಾರೆ. ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಬೇಕು, ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಬಿಟ್ಟು. ಡೋಸ್ ಬದಲಿಸಿದರೆ ಟಿಎಸ್‌ಎಚ್ (ಥೈರಾಯ್ಡಿನ ರಕ್ತ ಪರೀಕ್ಷೆ) ನೋಡಬೇಕಾದ್ದು ಆರರಿಂದ ಎಂಟು ವಾರಕ್ಕೆ, ಹದಿನೈದು ದಿನಕ್ಕೆ ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಕೂದಲಿನ ಮಾತ್ರೆಯಲ್ಲಿ ಬಯೋಟಿನ್ ಅನ್ನುವ ವಿಟಮಿನ್ ಇದ್ದರೆ ಕೆಲವು ಲ್ಯಾಬ್ ವಿಧಾನಗಳಲ್ಲಿ ಥೈರಾಯ್ಡ್ ರಿಪೋರ್ಟೇ ತಪ್ಪಾಗಿ ಬರುತ್ತದೆ, ಎರಡು ಮೂರು ದಿನ ಮೊದಲೇ ನಿಲ್ಲಿಸಿ ರಕ್ತ ಕೊಡಿ. ಗರ್ಭಿಣಿ ಅಂತ ಗೊತ್ತಾದ ಕೂಡಲೇ ಫೋನ್ ಮಾಡಿ. ಡೋಸ್ ಹೆಚ್ಚು ಬೇಕಾಗುತ್ತದೆ, ಮೂರು ತಿಂಗಳು ಕಳೆಯಲಿ ಅಂತ ಕಾಯಬಾರದು.

ಚೀಲದಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಹೆಸರು, ಲೇಬಲ್ ಇಲ್ಲದ ಪುಡಿ ಮತ್ತು ಮಾತ್ರೆ. ಗಂಟುನೋವು, ದಮ್ಮು ಒಂದೇ ವಾರಕ್ಕೆ ಮಾಯ ಅಂತ ಕೊಡುವ ಇಂಥ ಕೆಲವು ಮದ್ದುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ನೋವು ಹೋಗುತ್ತದೆ, ನಿಜ. ತಿಂಗಳುಗಟ್ಟಲೆ ತಿಂದರೆ ಮುಖ ಊದಿ ಗುಂಡಗಾಗುತ್ತದೆ, ಕೈಕಾಲು ಸಣಕಲಾಗುತ್ತದೆ, ಸ್ವಲ್ಪ ತಾಗಿದರೂ ಚರ್ಮ ನೀಲಿಗಟ್ಟುತ್ತದೆ, ಶುಗರ್, ಬಿಪಿ ಎರಡೂ ಏರುತ್ತವೆ. ವಿಷಯ ಗೊತ್ತಾದೊಡನೆ ಹೆದರಿ ಒಮ್ಮೆಲೇ ಬಿಡುವುದು ಇನ್ನೂ ಅಪಾಯ. ಹೊರಗಿನ ಸ್ಟೀರಾಯ್ಡಿಗೆ ಒಗ್ಗಿದ ಮೈ ತನ್ನದೇ ಸ್ಟೀರಾಯ್ಡ್ ಹಾರ್ಮೋನ್ ಆದ ಕಾರ್ಟಿಸಾಲ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಬಿಟ್ಟ ಕೂಡಲೇ ವಾಂತಿ, ನಿಶ್ಶಕ್ತಿ ಬಂದು ಬಿಪಿ ಕುಸಿದು ಜೀವಕ್ಕೇ ಬರಬಹುದು. ಬೆಳಿಗ್ಗೆ 8ರ ಹೊತ್ತಿಗೆ ಕಾರ್ಟಿಸಾಲ್ ನೋಡಿ, ಡಾಕ್ಟರ್ ಕೊಡುವ ಅಳತೆಯ ಮಾತ್ರೆಗೆ ಬದಲಿಸಿ, ನಿಧಾನಕ್ಕೆ ಇಳಿಸುತ್ತೇವೆ. ಅಷ್ಟರೊಳಗೆ ಜ್ವರ, ವಾಂತಿ ಬಂದರೆ ನಮ್ಮ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ಆ ಪುಡಿಯ ಪ್ಯಾಕೆಟ್ ತೋರಿಸಿ, ಇದನ್ನು ಇಷ್ಟು ತಿಂಗಳಿಂದ ತಿನ್ನುತ್ತಿದ್ದೆ ಅಂತ ಮೊದಲೇ ಹೇಳಿ.